ಆಣಿಮಾಂಡವ್ಯನ ಕಟ್ಟಳೆಯೂ ಬಾಲನ್ಯಾಯದ ಶಾಸನವೂ

ಶಾಸನವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಕಲ್ಲಿನಲ್ಲಿಯೋ ತಾಮ್ರದಲ್ಲಿಯೋ ಕೊರೆದ ಬರಹವು ಒಂದು; ರಾಜ್ಯವು ಪ್ರಜೆಗಳಿಗೆ ವಿಧಿಸುವ ಕಟ್ಟಳೆಯು ಮತ್ತೊಂದು. ಮೊದಲನೆಯ ಬಗೆಯ ಶಾಸನಗಳನ್ನು ನಮ್ಮ ವಿದ್ವಾಂಸರು ಅಕ್ಷರಾಕ್ಷರವಾಗಿ ಪರಿಶೀಲಿಸಿ, ಪಾಠಗಳನ್ನು ತೂಗಿ, ಅರ್ಥನಿರ್ಣಯ ಮಾಡಿರುವರು. ಎರಡನೆಯ ಬಗೆಯವುಗಳನ್ನು ಮಾತ್ರ ವಕೀಲರಿಗೆ ಬಿಟ್ಟುಕೊಟ್ಟು ಸುಮ್ಮನಿರುವರು. ಇದು ಉಚಿತವೆಂದು ತೋರುವುದಿಲ್ಲ. ಕಟ್ಟಳೆಯೂ ಒಂದು ಗದ್ಯಬಂಧವೇ. ಅದರಲ್ಲಿಯೂ ಪದಗಳ ಆಯ್ಕೆಯುಂಟು, ಪೂರ್ವಾಪರ ಸಂಗತಿಯುಂಟು, ಕೆಲವೆಡೆ ಅಸಂಗತಿಯೂ ಉಂಟು. ಕಾವ್ಯದಲ್ಲಿ ಅಸಂಗತಿ ತಲೆದೋರಿದರೆ ಸಹೃದಯನ ರಸಾಸ್ವಾದಕ್ಕೆ ಭಂಗ; ಕಟ್ಟಳೆಯಲ್ಲಿ ತಲೆದೋರಿದರೆ ಯಾವನೋ ಒಬ್ಬನ ಬಾಳಿಗೇ ಭಂಗ.

ತಪ್ಪು ಮಾಡಿದ ಮಕ್ಕಳ ವಿಷಯದಲ್ಲಿ ಈಗ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಕಟ್ಟಳೆಯು ೨೦೧೫ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ. ಅದನ್ನು ಒಂದು ಗ್ರಂಥವೆಂದು ಭಾವಿಸಿ ಓದಿದರೆ ಏನು ತೋರುವುದೆಂಬುದೇ ಪ್ರಸ್ತುತ ಲೇಖನದ ವಿಷಯ. ಈ ಓದಿಗೆ ಎರಡು ಆಧಾರಗಳನ್ನು ಇಟ್ಟುಕೊಂಡಿದ್ದೇವೆ. ಮಹಾಭಾರತದ ಒಂದು ಉಪಾಖ್ಯಾನವು ಒಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆಯ ಸೀಮೆಯು ಇನ್ನೊಂದು. ಮೊದಲನೆಯದು ತತ್ತ್ವವನ್ನು ತಿಳಿಯುವುದಕ್ಕೆ; ಎರಡನೆಯದು ಆ ತತ್ತ್ವವನ್ನು ಒರೆಗೆ ಹಚ್ಚುವುದಕ್ಕೆ.

೧

ಆಣಿಮಾಂಡವ್ಯನ ಕಥೆ ಆದಿಪರ್ವದಲ್ಲಿದೆ. ಮಾಂಡವ್ಯನೆಂಬ ತಪಸ್ವಿಯು ತನ್ನ ಆಶ್ರಮದ ಬಾಗಿಲಿನಲ್ಲಿ ತೋಳುಗಳನ್ನೆತ್ತಿ ಮೌನವ್ರತದಲ್ಲಿ ನಿಂತಿದ್ದನು. ಕಳ್ಳರು ರಾಜಭಟರಿಗೆ ಹೆದರಿ, ಕದ್ದ ಒಡವೆಯನ್ನು ಅಲ್ಲಿಯೇ ಬಚ್ಚಿಟ್ಟು ತಾವೂ ಅಡಗಿದರು. ಭಟರು ಬಂದು ಕೇಳಿದರೆ ಋಷಿಯು ಮಾತನಾಡಲಿಲ್ಲ. ಒಡವೆ ಸಿಕ್ಕಿತು, ಋಷಿಯ ಮೇಲೆಯೇ ಸಂದೇಹ ಬಂದಿತು, ರಾಜನು ಅವನನ್ನು ಶೂಲಕ್ಕೇರಿಸಿದನು. ಶೂಲದ ಮೇಲೆಯೂ ಅವನು ಸಾಯಲಿಲ್ಲ. ರಾಜನು ಪಶ್ಚಾತ್ತಾಪಪಟ್ಟು ಕೆಳಗಿಳಿಸಿದಾಗ ಶೂಲವು ದೇಹದಿಂದ ಬಿಡಿಸಿ ಬಾರದೆ ಹೋಯಿತು. ಅದನ್ನು ಬುಡದಲ್ಲಿ ಕತ್ತರಿಸಿದರು. ಒಳಗೆ ಉಳಿದ ಮೊನೆಯನ್ನು ಹೊತ್ತುಕೊಂಡೇ ಋಷಿಯು ಲೋಕದಲ್ಲಿ ಸಂಚರಿಸಿದನು. ಆಣಿಮಾಂಡವ್ಯನೆಂಬ ಹೆಸರು ಅದರಿಂದಲೇ ಬಂದದ್ದು.

ಅನಂತರ ಅವನು ಧರ್ಮನ ಸಭೆಗೆ ಹೋಗಿ, ತಾನು ಮಾಡಿದ ಯಾವ ಪಾಪಕ್ಕೆ ಈ ಫಲವೆಂದು ಕೇಳಿದನು. ಬಾಲ್ಯದಲ್ಲಿ ನೀನು ಸಣ್ಣ ಕೀಟಗಳ ಬಾಲಕ್ಕೆ ಹುಲ್ಲಿನ ಕಡ್ಡಿಯನ್ನು ಚುಚ್ಚಿದೆ ಎಂದು ಧರ್ಮನ ಉತ್ತರ. ಅಲ್ಪವಾದ ತಪ್ಪಿಗೆ ಇಷ್ಟು ದೊಡ್ಡ ದಂಡವೆ ಎಂದು ಋಷಿಯು ಕೆರಳಿ, ಧರ್ಮನು ಮನುಷ್ಯನಾಗಿ ಹುಟ್ಟಲೆಂದು ಶಪಿಸಿದನು. ಆ ಶಾಪದಿಂದ ಹುಟ್ಟಿದವನೇ ವಿದುರ. ಶೂದ್ರಯೋನಿಯಲ್ಲಿ ಜನನವಾಗಲಿ ಎಂಬುದನ್ನೇ ಶಿಕ್ಷೆಯೆಂದು ಎಣಿಸಿದ್ದು ಆ ಕಾಲದ ಕಲ್ಪನೆಯ ದೋಷ. ಅನ್ಯಾಯವನ್ನು ಖಂಡಿಸಹೊರಟ ಕಥೆಯು ತಾನೇ ಇನ್ನೊಂದು ಅನ್ಯಾಯವನ್ನು ಸಹಜವೆಂದು ಒಪ್ಪಿದೆ. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಶಾಪದೊಡನೆ ಋಷಿಯು ಹೊರಡಿಸಿದ ಕಟ್ಟಳೆಯು ಬೇರೆಯ ಮಾತು: ಇಂದಿನಿಂದ ಲೋಕದಲ್ಲಿ ಹದಿನಾಲ್ಕು ವರುಷಗಳ ವರೆಗೆ ಮಾಡಿದ್ದು ಪಾಪವೆನಿಸದು, ಅದರಿಂದ ಮೇಲೆ ಮಾಡಿದವರಿಗೇ ದೋಷ.

ಈ ಕಥೆಯಲ್ಲಿ ಮೂರು ಸಂಗತಿಗಳು ಗಮನಾರ್ಹವಾದವು. ಒಂದು, ಋಷಿಯು ತಾನು ಕೀಟವನ್ನು ಚುಚ್ಚಲಿಲ್ಲವೆಂದು ವಾದಿಸುವುದಿಲ್ಲ. ತಪ್ಪಿಗೂ ದಂಡಕ್ಕೂ ಪ್ರಮಾಣವಿಲ್ಲವೆಂದು ವಾದಿಸುವನು. ಎರಡು, ಅವನು ತನಗೆ ಪರಿಹಾರವನ್ನು ಬೇಡುವುದಿಲ್ಲ. ಮುಂದಿನ ಮಕ್ಕಳಿಗೆಲ್ಲ ಅನ್ವಯಿಸುವ ಎಲ್ಲೆಯನ್ನು ಹಾಕುವನು. ಮೂರು, ಎಲ್ಲೆ ಬಂದ ಮೇಲೆಯೂ ಅವನ ಮೈಯೊಳಗಿನ ಮೊನೆ ಹೊರಬಂದಿತೆಂದು ಕಥೆಯು ಹೇಳುವುದಿಲ್ಲ. ಬಾಲ್ಯದ ತಪ್ಪು ಬಾಳೆಲ್ಲ ಒಳಗೇ ಉಳಿಯುವುದೆಂಬುದೇ ಈ ಉಪಾಖ್ಯಾನದ ತಿರುಳು.

ಸ್ಮೃತಿಕಾರರೂ ವಯಸ್ಸಿನ ಎಲ್ಲೆಯನ್ನು ಬಲ್ಲರು. ಎಂಟನೆಯ ವರುಷದ ವರೆಗೆ ಶಿಶುವನ್ನು ಗರ್ಭಸ್ಥನಂತೆ ಎಣಿಸಬೇಕೆಂದೂ ಹದಿನಾರರ ವರೆಗೆ ಬಾಲನೆನ್ನಬೇಕೆಂದೂ ನಾರದನ ಮತ. ಹದಿನಾರು ತುಂಬದ ಬಾಲನಿಗೂ ಎಂಬತ್ತು ತುಂಬಿದ ವೃದ್ಧನಿಗೂ ಪ್ರಾಯಶ್ಚಿತ್ತವು ಅರ್ಧವೇ ಸಾಕೆಂಬ ಸ್ಮೃತಿವಚನವನ್ನು ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ ಎತ್ತಿಕೊಂಡಿರುವನು. ಆದಕಾರಣ ಮಕ್ಕಳ ತಪ್ಪನ್ನು ಬೇರೆ ಕಣ್ಣಿನಿಂದ ನೋಡುವುದು ಪರದೇಶದಿಂದ ಮೊನ್ನೆ ಬಂದ ವಿಚಾರವೆಂದು ಹೇಳುವವರ ಮಾತು ನಿಲ್ಲುವಂತಹುದಲ್ಲ.

೨

ಈಗಿನ ಕಟ್ಟಳೆಯ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಕಂಪನಿಯ ಆಳಿಕೆಯಲ್ಲಿ, ೧೮೫೦ರಲ್ಲಿ, ಬಡಮಕ್ಕಳನ್ನೂ ಸಣ್ಣ ತಪ್ಪು ಮಾಡಿದ ಮಕ್ಕಳನ್ನೂ ಕಸಬು ಕಲಿಯುವುದಕ್ಕೆ ಯಜಮಾನರ ಬಳಿ ಕಟ್ಟುಪಾಡಿನಿಂದ ಬಿಡುವ ಅಪ್ರೆಂಟಿಸ್ ಕಾಯಿದೆ ಬಂದಿತು. ೧೮೭೬ರಲ್ಲಿಯೂ ೧೮೯೭ರಲ್ಲಿಯೂ ಸುಧಾರಣಾಶಾಲೆಗಳ ಕಾಯಿದೆಗಳಾದುವು. ೧೯೧೯–೨೦ರ ಸೆರೆಮನೆಗಳ ಸಮಿತಿಯು ಮಕ್ಕಳ ವಿಚಾರಣೆಯೇ ಬೇರೆಯಾಗಬೇಕೆಂದು ಸೂಚಿಸಿತು. ಅದನ್ನನುಸರಿಸಿ ಮದ್ರಾಸಿನಲ್ಲಿ ೧೯೨೦ರಲ್ಲಿಯೂ ಬಂಗಾಳದಲ್ಲಿ ೧೯೨೨ರಲ್ಲಿಯೂ ಮುಂಬಯಿಯಲ್ಲಿ ೧೯೨೪ರಲ್ಲಿಯೂ ಮಕ್ಕಳ ಕಾಯಿದೆಗಳು ಹುಟ್ಟಿದುವು. ಆಗ ಕನ್ನಡನಾಡು ಹಲವು ಆಳಿಕೆಗಳಲ್ಲಿ ಹಂಚಿಹೋಗಿದ್ದುದರಿಂದ ಮಂಗಳೂರಿನ ಮಗುವಿಗೂ ಧಾರವಾಡದ ಮಗುವಿಗೂ ಮಾಗಡಿಯ ಮಗುವಿಗೂ ಒಂದೇ ಕಟ್ಟಳೆಯೆಂಬುದು ಇರಲಿಲ್ಲ. ೧೯೫೬ರ ಏಕೀಕರಣದ ಬಳಿಕ, ೧೯೬೪ರಲ್ಲಿ, ರಾಜ್ಯದ ವಿಧಾನಮಂಡಲವು ಮಕ್ಕಳ ಅಧಿನಿಯಮವನ್ನು ಮಾಡಿ ಈ ಕೊರತೆಯನ್ನು ನೀಗಿಸಿತು.

೧೯೮೬ರ ಬಾಲನ್ಯಾಯ ಅಧಿನಿಯಮವು ದೇಶಕ್ಕೆಲ್ಲ ಒಂದೇ ಕಟ್ಟಳೆಯನ್ನು ತಂದಿತು. ಅದರಲ್ಲಿ ಹುಡುಗರಿಗೆ ೧೬, ಹುಡುಗಿಯರಿಗೆ ೧೮ ಎಲ್ಲೆಯಾಗಿದ್ದಿತು. ೧೯೯೨ರಲ್ಲಿ ಭಾರತವು ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ೨೦೦೦ದ ಅಧಿನಿಯಮವು ಇಬ್ಬರಿಗೂ ೧೮ ಎಂದು ವಿಧಿಸಿತು. ೨೦೧೨ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ಆರು ಮಂದಿ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನಿಗೆ ಮೂರು ವರುಷಗಳ ಸುಧಾರಣಾವಾಸವಷ್ಟೇ ವಿಧಿತವಾದುದರಿಂದ ದೇಶದಲ್ಲಿ ದೊಡ್ಡ ಕೋಪವೆದ್ದಿತು. ವರ್ಮಾ ಸಮಿತಿಯು ೨೦೧೩ರಲ್ಲಿ ಎಲ್ಲೆಯನ್ನು ಇಳಿಸಬಾರದೆಂದು ಹೇಳಿತು. ಅದೇ ವರುಷ ಸರ್ವೋಚ್ಚ ನ್ಯಾಯಾಲಯವೂ ೧೮ರ ಎಲ್ಲೆಯನ್ನು ಎತ್ತಿಹಿಡಿಯಿತು. ಆದರೂ ೨೦೧೫ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಅಧಿನಿಯಮವನ್ನು ಅಂಗೀಕರಿಸಿತು. ೨೦೧೬ರ ಜನವರಿ ೧೫ರಿಂದ ಅದು ಜಾರಿಯಲ್ಲಿದೆ.

೩

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಹಿಂದಿನವರು ಕೆಲವು ಲಿಂಗಗಳನ್ನು ಹೇಳಿರುವರು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವುಗಳಲ್ಲಿ ಉಪಕ್ರಮ, ಅಭ್ಯಾಸ, ಫಲ ಎಂಬ ಮೂರನ್ನು ಇಲ್ಲಿ ಪ್ರಯೋಗಿಸಿ ನೋಡೋಣ.

ಉಪಕ್ರಮವು ಅಧಿನಿಯಮದ ೩ನೆಯ ಪ್ರಕರಣ. ಅಲ್ಲಿ ಹದಿನಾರು ಮೂಲತತ್ತ್ವಗಳನ್ನು ಎಣಿಸಿದೆ. ಅವುಗಳಲ್ಲಿ ಮೊದಲನೆಯದು, ಹದಿನೆಂಟು ವರುಷಗಳ ವರೆಗೆ ಯಾವ ಮಗುವಿನಲ್ಲಿಯೂ ದುರುದ್ದೇಶವಾಗಲಿ ಅಪರಾಧಬುದ್ಧಿಯಾಗಲಿ ಇಲ್ಲವೆಂದೇ ಭಾವಿಸತಕ್ಕದ್ದು ಎಂಬುದು. ಮಾಂಡವ್ಯನ ಮಾತನ್ನೇ ನಾಲ್ಕು ವರುಷ ಮುಂದಕ್ಕೆ ಒಯ್ದಂತಿದೆ. ಅಭ್ಯಾಸವೆಂದರೆ ಮತ್ತೆ ಮತ್ತೆ ಹೇಳುವಿಕೆ. ಮಗುವಿನ ಶ್ರೇಯಸ್ಸು, ಪುನರ್ವಸತಿ, ಸಮಾಜದಲ್ಲಿ ಪುನಃ ಸೇರ್ಪಡೆ ಎಂಬ ಮಾತುಗಳು ಗ್ರಂಥದುದ್ದಕ್ಕೂ ಮರುಕಳಿಸುತ್ತವೆ. ಫಲವನ್ನು ನೋಡಿದರೆ, ೧೮ನೆಯ ಪ್ರಕರಣದಲ್ಲಿ ಬುದ್ಧಿವಾದ, ಸಮುದಾಯಸೇವೆ, ತಂದೆತಾಯಿಗಳ ಜಾಮೀನು, ಹೆಚ್ಚೆಂದರೆ ಮೂರು ವರುಷಗಳ ವಿಶೇಷಗೃಹವಾಸ. ೨೪ನೆಯ ಪ್ರಕರಣದಲ್ಲಿ ತಪ್ಪಿನಿಂದ ಬರುವ ಅನರ್ಹತೆಯ ನಿವಾರಣೆ ಮತ್ತು ದಾಖಲೆಯ ನಾಶ. ಮೂರು ಲಿಂಗಗಳೂ ಒಂದೇ ತಾತ್ಪರ್ಯವನ್ನು ತೋರಿಸುತ್ತವೆ: ಇದು ದಂಡನೆಯ ಗ್ರಂಥವಲ್ಲ, ಪಾಲನೆಯ ಗ್ರಂಥ.

ಇವುಗಳ ನಡುವೆ ೧೫ನೆಯ ಪ್ರಕರಣವು ಬೇರೊಂದು ದನಿಯಲ್ಲಿ ಮಾತನಾಡುವುದು. ಹದಿನಾರು ತುಂಬಿದ ಮಗುವಿನ ಮೇಲೆ ಘೋರಾಪರಾಧದ ಆರೋಪ ಬಂದಾಗ ಬಾಲನ್ಯಾಯ ಮಂಡಳಿಯು ಪ್ರಾಥಮಿಕ ನಿರ್ಧಾರಣೆ ನಡೆಸತಕ್ಕದ್ದು. ಆ ಕೃತ್ಯವನ್ನೆಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಅದಕ್ಕೆ ಇತ್ತೆ? ಪರಿಣಾಮವನ್ನು ತಿಳಿಯುವ ಶಕ್ತಿ ಇತ್ತೆ? ಯಾವ ಸಂದರ್ಭದಲ್ಲಿ ಕೃತ್ಯ ನಡೆಯಿತು? ಇವನ್ನೆಲ್ಲ ವಿಚಾರಿಸಿ, ವಯಸ್ಕನಂತೆ ವಿಚಾರಣೆ ಆಗಬೇಕೆಂದು ತೋರಿದರೆ ಮೊಕದ್ದಮೆಯನ್ನು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಅಪರಾಧಬುದ್ಧಿಯೇ ಇಲ್ಲವೆಂದು ೩ನೆಯ ಪ್ರಕರಣದಲ್ಲಿ ಭಾವಿಸಿ, ಅಪರಾಧದ ಸಾಮರ್ಥ್ಯವಿದೆಯೇ ಎಂದು ೧೫ನೆಯದರಲ್ಲಿ ಹುಡುಕುವುದು ಪೂರ್ವೋತ್ತರ ವಿರೋಧವಲ್ಲದೆ ಮತ್ತೇನು? ಮೇಲಾಗಿ ೨೪ನೆಯ ಪ್ರಕರಣಕ್ಕೆ ಒಂದು ಪರಂತುಕವಿದೆ. ಹೀಗೆ ವಯಸ್ಕನಂತೆ ವಿಚಾರಿತನಾಗಿ ತಪ್ಪಿತಸ್ಥನೆನಿಸಿದ ಮಗುವಿಗೆ ಅನರ್ಹತೆಯ ನಿವಾರಣೆಯಿಲ್ಲ. ದಾಖಲೆಯ ನಾಶವೂ ಇಲ್ಲ. ಮರಣದಂಡನೆಯೂ ಬಿಡುಗಡೆಯ ಆಸೆಯಿಲ್ಲದ ಆಜೀವ ಸೆರೆಯೂ ಅದಕ್ಕಿಲ್ಲವೆಂಬುದು ನಿಜ. ಇಪ್ಪತ್ತೊಂದು ತುಂಬುವ ವರೆಗೆ ಸೆರೆಮನೆಗೆ ಕಳುಹಿಸಕೂಡದೆಂಬುದೂ ನಿಜ. ಶೂಲವನ್ನು ಬುಡದಲ್ಲಿ ಕತ್ತರಿಸಿದ್ದಾರೆ. ಮೊನೆ ಮಾತ್ರ ಒಳಗೇ ಉಳಿದಿದೆ.

ಮಂಡಳಿಯು ಮನಶ್ಶಾಸ್ತ್ರಜ್ಞರ ನೆರವನ್ನು ಪಡೆಯಬಹುದು ಎಂದು ೧೫ನೆಯ ಪ್ರಕರಣದ ಪರಂತುಕವು ಹೇಳುವುದು. ಮಂಡಳಿಯಲ್ಲಿ ಅಂತಹ ತಜ್ಞರು ಯಾರೂ ಇಲ್ಲದಿದ್ದರೆ ಆ ‘ಬಹುದು’ ಎಂಬುದನ್ನು ‘ತಕ್ಕದ್ದು’ ಎಂದೇ ಓದಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಬರುಣ್ ಚಂದ್ರ ಠಾಕೂರ್ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಒಂದು ಕ್ರಿಯಾರೂಪದ ಮೇಲೆ ಒಬ್ಬ ಹುಡುಗನ ಬಾಳು ನಿಂತಿರುವುದನ್ನು ವ್ಯಾಕರಣ ಕಲಿಸುವವರು ಮನಗಾಣಬೇಕು.

೪

ಇನ್ನು ಪದಗಳ ವಿಚಾರ. ಕಳಂಕ ಹಚ್ಚುವ, ದೂಷಣೆಯ ಮಾತುಗಳನ್ನು ಮಕ್ಕಳ ವಿಷಯದಲ್ಲಿ ಬಳಸಕೂಡದೆಂಬುದು ೩ನೆಯ ಪ್ರಕರಣದ ತತ್ತ್ವಗಳಲ್ಲೊಂದು. ಆದುದರಿಂದ ಹಿಂದಿನ ‘ಬಾಲಾಪರಾಧಿ’ಯನ್ನು ಬಿಟ್ಟು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎಂದು ಈಗ ಬರೆಯುವರು. ಮಾತು ಉದ್ದವಾಯಿತೆಂದು ಕೆಲವರು ನಗುವರು. ಆದರೆ ‘ಬಾಲಾಪರಾಧಿ’ ಎಂಬ ಕರ್ಮಧಾರಯದಲ್ಲಿ ಬಾಲನೇ ಅಪರಾಧಿ; ವಿಶೇಷಣ ವಿಶೇಷ್ಯಗಳು ಬೆಸೆದುಕೊಂಡು ಬಿಡಿಸಲಾರದ ಹೆಸರಾಗಿಬಿಡುವುವು. ಹೊಸ ಮಾತಿನಲ್ಲಿ ಮಗುವು ಮಗುವಾಗಿಯೇ ಉಳಿದು, ಅದಕ್ಕೆ ಒದಗಿದ ಸ್ಥಿತಿಯು ಬೇರೆಯಾಗಿ ನಿಲ್ಲುವುದು. ಸಂಘರ್ಷವೆಂದರೆ ಉಜ್ಜುವಿಕೆ, ಉಜ್ಜುವುದಕ್ಕೆ ಎರಡು ಬೇಕು. ಕಾನೂನೂ ಮಗುವಿಗೆ ತಗುಲಿ ಉಜ್ಜಿರಬಹುದೆಂಬ ಧ್ವನಿ ಅದರಲ್ಲಿದೆ. ‘ಒಳಗಾದ’ ಎಂಬ ಕನ್ನಡದ ಕೃದಂತವು ಮೂಲದ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮಗುವು ತಾನಾಗಿ ಕಲಹಕ್ಕಿಳಿದುದಲ್ಲ, ಕಲಹವು ಅದರ ಮೇಲೆ ಬಂದೆರಗಿತು ಎಂದು ಸೂಚಿಸುವುದು.

ಅಪರಾಧವೆಂಬ ಸಂಸ್ಕೃತ ಶಬ್ದಕ್ಕೂ ಮೂಲದಲ್ಲಿ ಗುರಿ ತಪ್ಪುವಿಕೆಯೆಂಬ ಅರ್ಥವುಂಟು. ನಮ್ಮ ‘ತಪ್ಪು’ ಎಂಬುದೂ ಅಂತಹುದೇ: ದಾರಿ ತಪ್ಪಿತು, ಲೆಕ್ಕ ತಪ್ಪಿತು, ಹುಡುಗ ತಪ್ಪು ಮಾಡಿದ. ದಾರಿ ತಪ್ಪಿದವನನ್ನು ದಾರಿಗೆ ಹಚ್ಚಬಹುದೆಂಬ ಭರವಸೆ ಆ ಮಾತಿನಲ್ಲಿಯೇ ಅಡಗಿದೆ. ಆದರೆ ಜನದ ಬಾಯಲ್ಲಿ ಎರಡು ಗಾದೆಗಳು ಒಟ್ಟಿಗೆ ಬಾಳುತ್ತಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದೊಂದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದಿನ್ನೊಂದು. ಮೊದಲನೆಯದು ಎಳೆತನದಲ್ಲಿ ತಿದ್ದಿ ಎನ್ನುವುದು. ಎರಡನೆಯದು, ಎಳೆತನದಲ್ಲಿ ಒಂದು ಅಡಕೆ ಕದ್ದರೂ ಮುಗಿಯಿತು ಎನ್ನುವುದು. ೨೪ನೆಯ ಪ್ರಕರಣವು ಎರಡನೆಯ ಗಾದೆಯನ್ನು ಸುಳ್ಳು ಮಾಡಹೊರಟಿತು. ಅದರ ಪರಂತುಕವು ಆ ಗಾದೆಯನ್ನೇ ಕಟ್ಟಳೆಯಾಗಿ ಬರೆದಿಟ್ಟಿತು.

೫

ಈ ವಿರೋಧವು ಬರಿಯ ತರ್ಕದ್ದಲ್ಲವೆಂಬುದನ್ನು ಕಾಣುವುದಕ್ಕೆ ರೇಷ್ಮೆಯ ಸೀಮೆಗೆ ಹೋಗಬೇಕು. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ೨೦೦೭ರಲ್ಲಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯು ಪ್ರಸಿದ್ಧವಾದುದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹಿಡಿದು ನೂಲು ಬಿಚ್ಚುವುದು, ಆ ನೂಲನ್ನು ಹುರಿ ಮಾಡುವುದು ಈ ಸೀಮೆಯ ಮನೆಮನೆಯ ಕಸಬು. ೧೯೯೬ರಲ್ಲಿಯೂ ೨೦೦೩ರಲ್ಲಿಯೂ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು ಪ್ರಕಟಿಸಿದ ವರದಿಗಳು ಕರ್ನಾಟಕದ ಈ ರೇಷ್ಮೆ ಕೈಗಾರಿಕೆಯಲ್ಲಿ ಮಕ್ಕಳ ಜೀತವನ್ನು ವರ್ಣಿಸಿದುವು. ತಂದೆತಾಯಿಗಳು ಪಡೆದ ಮುಂಗಡದ ಹಣಕ್ಕೆ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆಯೂ ಅದಕ್ಕೆ ಮೇಲೆಯೂ ದುಡಿದುದು, ಕುದಿನೀರಿನಲ್ಲಿ ಕೈಯದ್ದಿದುದು, ಹುರಿ ಯಂತ್ರಗಳ ಗದ್ದಲದಲ್ಲಿ ನಿಂತೇ ದಿನ ಕಳೆದುದು ಅವುಗಳಲ್ಲಿ ದಾಖಲಾಗಿದೆ. ಇಂದಿಗೂ ಸ್ಥಿತಿಯು ಹಾಗೆಯೇ ಇದೆಯೆಂಬುದು ನಮ್ಮ ಮಾತಲ್ಲ. ಕಟ್ಟಳೆಯೂ ಯಂತ್ರವೂ ಅನಂತರ ಬಹಳ ಬದಲಾಗಿವೆ. ಆದರೆ ಶಾಸನದ ಪಾಠವನ್ನು ಪರೀಕ್ಷಿಸುವುದಕ್ಕೆ ಆ ಮಗುವಿಗಿಂತ ಒಳ್ಳೆಯ ಒರೆಗಲ್ಲಿಲ್ಲ.

ಕಾರ್ಮಿಕ ಕಾನೂನುಗಳಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗುವನ್ನು ಅಧಿನಿಯಮವು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’ ಎಂದು ಕರೆದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸುವುದು. ತಪ್ಪು ಮಾಡಿದನೆಂಬ ಮಗುವನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸುವುದು. ಇಬ್ಬರ ನಡುವೆ ಗ್ರಂಥದಲ್ಲಿ ಗೋಡೆಯಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ವಯಸ್ಸಿನಲ್ಲಿ ಮುಂಗಡಕ್ಕೆ ಸೇರಿದ ಹುಡುಗನಿಗೆ ಈಗ ಹದಿನಾರು ತುಂಬಿದೆ. ಒಂದು ರಾತ್ರಿ ಅವನು ರೇಷ್ಮೆಯ ಒಂದು ಲಡಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಡುವನು. ಕಾವಲಿನವನು ತಡೆಯುವನು, ತಳ್ಳಾಟವಾಗುವುದು, ಕೈಗೆ ಸಿಕ್ಕಿದ ಕಬ್ಬಿಣದಿಂದ ಹುಡುಗನು ಹೊಡೆಯುವನು, ಕಾವಲಿನವನು ಸಾಯುವನು. ಸಂಜೆಯ ವರೆಗೆ ಪಾಲನೆಗೆ ಅರ್ಹನಾಗಿದ್ದವನು ಬೆಳಗಾಗುವುದರೊಳಗೆ ಘೋರಾಪರಾಧದ ಆರೋಪಿ.

ಈಗ ೧೫ನೆಯ ಪ್ರಕರಣದ ಪ್ರಶ್ನೆಗಳನ್ನು ಅವನಿಗೆ ಹಾಕಿ ನೋಡಿ. ದೈಹಿಕ ಸಾಮರ್ಥ್ಯವುಂಟೆ? ಏಳು ವರುಷ ಹೊರೆ ಹೊತ್ತ ತೋಳುಗಳು ಉಂಟೆನ್ನುತ್ತವೆ. ಮಾನಸಿಕ ಸಾಮರ್ಥ್ಯ? ಮುಂಗಡದ ಲೆಕ್ಕವನ್ನೂ ಬಡ್ಡಿಯನ್ನೂ ಬಾಯಲ್ಲೇ ಹೇಳಬಲ್ಲನು. ಪರಿಣಾಮದ ಅರಿವು? ತಪ್ಪಿಸಿಕೊಂಡು ಹೋದವರಿಗೆ ಏನಾಗುವುದೆಂಬುದನ್ನು ಪಾಠಶಾಲೆಯ ಹುಡುಗರಿಗಿಂತ ಅವನು ಚೆನ್ನಾಗಿ ಬಲ್ಲನು. ಬಾಲ್ಯವನ್ನು ಕಳೆದುಕೊಂಡುದೇ ಬಾಲನಲ್ಲವೆಂಬುದಕ್ಕೆ ಸಾಕ್ಷಿಯಾಗುವುದು. ದುಡಿಮೆಯ ಸಾಮರ್ಥ್ಯವು ಅಪರಾಧದ ಸಾಮರ್ಥ್ಯವೆಂದು ಎಣಿಕೆಗೆ ಬರುವುದು. ಕೃತ್ಯದ ಸಂದರ್ಭವನ್ನೂ ನೋಡಬೇಕೆಂದು ಪ್ರಕರಣದಲ್ಲಿಯೇ ಇದೆ. ವಿವೇಕಿಗಳಾದ ಮಂಡಳಿಯವರು ಅದನ್ನು ನೋಡಿಯಾರು. ಆದರೆ ಮೂರು ಪ್ರಶ್ನೆಗಳು ಹುಡುಗನ ಕಡೆಗೆ ಬೆರಳು ತೋರಿಸುವಾಗ ಒಂದು ಪ್ರಶ್ನೆ ಮಾತ್ರ ಲೋಕದ ಕಡೆಗೆ ತೋರಿಸುವುದು ಸಮವಾದ ತಕ್ಕಡಿಯಲ್ಲ.

ಇಷ್ಟಕ್ಕೂ ಅವನಿಗೆ ಹದಿನಾರು ತುಂಬಿದುದಕ್ಕೆ ಪ್ರಮಾಣವೇನು? ೯೪ನೆಯ ಪ್ರಕರಣದಂತೆ ಮೊದಲು ಶಾಲೆಯ ದಾಖಲೆ ಅಥವಾ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ. ಅದಿಲ್ಲವಾದರೆ ಪುರಸಭೆಯ ಅಥವಾ ಪಂಚಾಯತಿಯ ಜನನಪತ್ರ. ಎರಡೂ ಇಲ್ಲವಾದರೆ ಎಲುಬಿನ ಪರೀಕ್ಷೆ. ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ಹುಟ್ಟಿದ ತಾರೀಖು ನಮ್ಮ ಹಳ್ಳಿಗಳಲ್ಲಿ ಅಪರೂಪವಾಗಿರಲಿಲ್ಲವೆಂಬುದನ್ನು ಉಪಾಧ್ಯಾಯರಾದ ವಾಚಕರು ಬಲ್ಲರು. ಆ ಅಂದಾಜಿನ ಒಂದು ತಿಂಗಳು ಹಿಂದುಮುಂದಾದರೆ ಹುಡುಗನು ಗೋಡೆಯ ಈಚೆಗೋ ಆಚೆಗೋ ಬೀಳುವನು.

೬

ಇದಕ್ಕೆ ಪೂರ್ವಪಕ್ಷವುಂಟು, ಅದನ್ನು ಹಗುರವಾಗಿ ಕಾಣಕೂಡದು. ಸತ್ತ ಕಾವಲಿನವನಿಗೂ ಹೆಂಡಿರು ಮಕ್ಕಳಿದ್ದಾರೆ. ಕೀಟವನ್ನು ಚುಚ್ಚುವುದೂ ಮನುಷ್ಯನನ್ನು ಕೊಲ್ಲುವುದೂ ಒಂದೇ ಅಲ್ಲ; ಮಾಂಡವ್ಯನ ವಾದವು ಅಲ್ಪವಾದ ತಪ್ಪಿನ ಮೇಲೆ ನಿಂತದ್ದು. ಹದಿನೇಳರ ತರುಣನು ಘೋರಕೃತ್ಯ ಮಾಡಿದಾಗ ಮೂರು ವರುಷಗಳು ಸಾಲವೆಂದು ನೊಂದವರು ಹೇಳಿದರೆ ಅವರನ್ನು ನಿಷ್ಕರುಣಿಗಳೆನ್ನಲಾಗದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಅವಧಿಯನ್ನು ಹೆಚ್ಚಿಸುವುದು ಒಂದು, ಮಗುವನ್ನು ಮಗುವಲ್ಲವೆನ್ನುವುದು ಇನ್ನೊಂದು. ಘೋರಕೃತ್ಯಗಳಲ್ಲಿ ತಿದ್ದುವಿಕೆಯ ಕಾಲವನ್ನು ನೀಡಿಸಿ, ಆಗಾಗ್ಗೆ ಪರಿಶೀಲಿಸುತ್ತ ಹೋಗುವುದಕ್ಕೆ ೩ನೆಯ ಪ್ರಕರಣದ ತತ್ತ್ವವನ್ನು ಮುರಿಯಬೇಕಾಗಿಲ್ಲ. ತಿದ್ದುವ ಕಾಲ ಎಷ್ಟೇ ಆಗಲಿ, ಅದು ಮುಗಿದ ಮೇಲೆ ಮೊನೆಯನ್ನು ಒಳಗೇ ಬಿಡುವುದಕ್ಕೆ ಯಾವ ಉಪಪತ್ತಿಯನ್ನೂ ಕಾಣೆವು.

ಇದನ್ನು ಸರಿಪಡಿಸುವುದು ರಾಜ್ಯದ ಕೈಮೀರಿದ ಕೆಲಸವೂ ಅಲ್ಲ. ಬಾಲ್ಯವಿವಾಹದ ಕೇಂದ್ರ ಕಾನೂನಿಗೆ ಕರ್ನಾಟಕವು ೨೦೧೬ರಲ್ಲಿ ತನ್ನದೇ ತಿದ್ದುಪಡಿಯನ್ನು ರೂಪಿಸಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, ಅಂತಹ ಮದುವೆಗಳು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಅದೇ ಹಾದಿಯಲ್ಲಿ ೨೪ನೆಯ ಪ್ರಕರಣದ ಪರಂತುಕವನ್ನು ರಾಜ್ಯದ ಮಟ್ಟಿಗೆ ತೆಗೆದುಹಾಕಬಹುದು. ನಿಯಮಗಳನ್ನು ರಚಿಸುವ ಅಧಿಕಾರವೂ ರಾಜ್ಯಕ್ಕಿದೆ. ಆರೋಪಿಯಾದ ಮಗುವು ಹಿಂದೆ ಜೀತದಲ್ಲಿತ್ತೇ, ಶಾಲೆ ತಪ್ಪಿತ್ತೇ ಎಂಬುದನ್ನು ಮಂಡಳಿಯು ಮೊದಲು ವಿಚಾರಿಸಿ ಬರೆದಿಡಬೇಕೆಂದು ನಿಯಮಗಳಲ್ಲಿ ಸೇರಿಸಬಹುದು.

ಸಾಹಿತ್ಯದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸವೆಂದು ಕೇಳಬಹುದು. ಪತ್ರಿಕೆಗಳಲ್ಲಿಯೂ ಮಾತಿನಲ್ಲಿಯೂ ‘ಬಾಲಾಪರಾಧಿ’ ಇನ್ನೂ ಸತ್ತಿಲ್ಲ. ತರಗತಿಯಲ್ಲಿ ಆಣಿಮಾಂಡವ್ಯನ ಕಥೆಯನ್ನು ಹೇಳುವಾಗ ಅದನ್ನು ವಿದುರನ ಜನ್ಮವೃತ್ತಾಂತಕ್ಕೆ ಪೀಠಿಕೆಯೆಂದು ದಾಟಿಬಿಡದೆ, ಮಕ್ಕಳ ತಪ್ಪನ್ನು ಕುರಿತ ಒಂದು ಕಟ್ಟಳೆಯ ತಿದ್ದುಪಡಿಯೆಂದು ಓದಿಸಿದರೆ ಸಾಕು. ಮಾಂಡವ್ಯನು ಧರ್ಮನ ಸಭೆಯ ವರೆಗೆ ಹೋಗಿ ಕಾರಣ ಕೇಳಬಲ್ಲ ತಪಸ್ವಿ. ಬೇಯುವ ಗೂಡಿನ ಮುಂದೆ ಬೆಳೆದ ಹುಡುಗನಿಗೆ ಆ ಸಭೆಯ ದಾರಿ ಗೊತ್ತಿಲ್ಲ. ಅವನ ಪರವಾಗಿ ಗ್ರಂಥವನ್ನು ಸರಿಯಾಗಿ ಓದುವ ಹೊಣೆಯು ಓದಬಲ್ಲವರ ಮೇಲಿದೆ.